ಕೆಮ್ಮುವುದಕ್ಕೂ ಒಂದು ಕ್ರಮ ಉಂಟು

ಉಸಿರಿನ ವ್ಯಾಯಾಮ ಹೇಳಿಕೊಡಲು ನಾನು ಹೋದಾಗ ಮಾಷ್ಟ್ರು ಜಗಲಿಯಲ್ಲಿ ಕೂತು ಮೂರು ಗೋಲಿಯ ಡಬ್ಬ, ಅಂದರೆ ಸ್ಪೈರೋಮೀಟರ್, ಊದುತ್ತಿದ್ದರು. ಹೊರಗೆ ಆಟಿಯ ಮಳೆ. ವೈರಲ್ ನ್ಯುಮೋನಿಯಾ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದು, ಅದರಲ್ಲಿ ಎರಡು ದಿನ ಆಕ್ಸಿಜನ್ ಹಾಕಿಸಿಕೊಂಡು ಮನೆಗೆ ಬಂದವರು. ಊದಿ ಊದಿ ಮುಖ ಕೆಂಪಾಗಿತ್ತು. ಗೋಲಿ ಮಾತ್ರ ಒಂದೂ ಅಲುಗಿರಲಿಲ್ಲ.

"ಇದು ಹಾಳಾಗಿದೆ ಮೇಡಂ. ಎಷ್ಟು ಊದಿದರೂ ಏಳುದಿಲ್ಲ."

ಡಬ್ಬ ಸರಿಯಾಗಿಯೇ ಇತ್ತು. ಅದು ಊದುವ ಸಾಧನ ಅಲ್ಲ, ಎಳೆಯುವ ಸಾಧನ. ಎಳನೀರಿನ ಬೊಂಡಕ್ಕೆ ಸ್ಟ್ರಾ ಹಾಕಿ ಹೀರುವ ಹಾಗೆ ಗಾಳಿಯನ್ನು ಒಳಗೆ ಎಳೆದರೆ ಗೋಲಿ ಏಳುತ್ತದೆ. ಮಾಷ್ಟ್ರ ತಪ್ಪೇನೂ ಇಲ್ಲ. ಬಿಡುಗಡೆಯ ಚೀಟಿಯಲ್ಲಿ 'ದಿನಕ್ಕೆ ನಾಲ್ಕು ಸಲ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹೇಗೆ ಎಂದು ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ಜೊತೆಗೆ ಕೊಟ್ಟ ವ್ಯಾಯಾಮದ ಹಾಳೆ ಮಲಯಾಳದಲ್ಲಿತ್ತು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು ಅವರು. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಕಷ್ಟ. ನಮ್ಮ ಕಾಸರಗೋಡಿನ ಕಥೆಯೇ ಇದು. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ, ಚೀಟಿ ಇಂಗ್ಲಿಷ್, ಓದಲು ಬರುವುದು ಕನ್ನಡ. ಹಾಗಾಗಿ ಆ ಹಾಳೆಯಲ್ಲಿ ಇರಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಿವೆ. ನ್ಯುಮೋನಿಯಾದಲ್ಲಿ ಅವುಗಳ ಗೋಡೆ ಊದಿಕೊಳ್ಳುತ್ತದೆ, ಒಳಗೆ ನೀರು ಸೇರುತ್ತದೆ. ವೈರಸ್ ಹೋದ ಮೇಲೂ ಆ ಊತ ಒಂದೇ ದಿನಕ್ಕೆ ಇಳಿಯುವುದಿಲ್ಲ. ಅದರ ಮೇಲೆ ಹಾಸಿಗೆ ಹಿಡಿದ ಸುಸ್ತು. ಜೋರಾಗಿ ಉಸಿರೆಳೆದರೆ ಪಕ್ಕೆ ನೋವು, ಇಲ್ಲವೇ ಕೆಮ್ಮು. ಅದಕ್ಕೆ ಹೆದರಿ ರೋಗಿ ಎದೆಯ ಮೇಲ್ಭಾಗದಲ್ಲೇ ಪುಸುಪುಸು ಅಂತ ಉಸಿರಾಡುತ್ತಾರೆ. ಕೆಳಗಿನ ಭಾಗಕ್ಕೆ ಗಾಳಿ ಹೋಗುವುದಿಲ್ಲ. ಗಾಳಿ ಹೋಗದ ಚೀಲಗಳು ಮುದುಡಿಕೊಳ್ಳುತ್ತವೆ, ಅಲ್ಲಿ ಕಫ ಇದ್ದರೆ ಅಲ್ಲೇ ನಿಲ್ಲುತ್ತದೆ. ವ್ಯಾಯಾಮ ಬೇಕಾಗುವುದು ಇಲ್ಲಿ. ಇದು ವೈರಸ್ಸನ್ನು ಕೊಲ್ಲುವುದಿಲ್ಲ, ಮಾತ್ರೆಯ ಬದಲಿಗೆ ಮಾಡುವಂಥದ್ದೂ ಅಲ್ಲ. ಜ್ವರ ಏರುತ್ತಿರುವಾಗ, ಕೂತಲ್ಲೇ ಏದುಸಿರು ಬರುವಾಗ ಮಾಡುವುದಂತೂ ಅಲ್ಲವೇ ಅಲ್ಲ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಕೆಮ್ಮು ಒಣಗಿದ್ದೋ, ಕಫ ಇರುವುದೋ?

ವೈರಲ್ ನ್ಯುಮೋನಿಯಾದಲ್ಲಿ ತುಂಬಾ ಜನರಿಗೆ ಬರುವುದು ಒಣ ಕೆಮ್ಮು. ತೆಗೆಯಲು ಅಲ್ಲಿ ಕಫವೇ ಇರುವುದಿಲ್ಲ. ಆದರೂ ಮನೆಯವರು ಬಿಡುವುದಿಲ್ಲ. "ಕೆಮ್ಮಿ ಹೊರಗೆ ಹಾಕಿ, ಒಳಗೆ ಇಟ್ಟುಕೊಳ್ಳಬೇಡಿ" ಅಂತ ಬೆನ್ನಿಗೆ ಗುದ್ದುತ್ತಾರೆ. ಪಾಪ, ಪ್ರೀತಿಯಿಂದಲೇ. ಒಣ ಕೆಮ್ಮನ್ನು ಬೇಕೆಂದೇ ಕೆಮ್ಮಿದರೆ ಗಂಟಲು ಇನ್ನಷ್ಟು ಕೆರಳುತ್ತದೆ, ಕೆಮ್ಮು ಕೆಮ್ಮನ್ನೇ ಕರೆಯುತ್ತದೆ. ಒಣ ಕೆಮ್ಮು ಬರುವ ಸೂಚನೆ ಸಿಕ್ಕಿದಾಗ ಬಾಯಿ ಮುಚ್ಚಿ ಎಂಜಲು ನುಂಗಿ. ಮೂಗಿನಲ್ಲಿ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳಿ. ಬೆಚ್ಚಗಿನ ಜೀರಿಗೆ ನೀರು ಒಂದು ಗುಟುಕು ಕುಡಿಯಿರಿ. ಹೆಚ್ಚಿನ ಸಲ ಅಷ್ಟಕ್ಕೇ ಆ ತುರಿಕೆ ದಾಟಿ ಹೋಗುತ್ತದೆ. ಅಂಥವರಿಗೆ ಉಸಿರಿನ ವ್ಯಾಯಾಮ ಸಾಕು, ಕೆಮ್ಮಿನ ವ್ಯಾಯಾಮ ಬೇಡ.

ಕಫ ಇದ್ದವರಿಗೆ ಬೇರೆ ಲೆಕ್ಕ. ಇವರು ಮಾಡುವ ತಪ್ಪು ಒಂದೇ, ಬಲ ಹಾಕುವುದು. ಉಸಿರು ಪೂರ್ತಿ ಎಳೆದುಕೊಳ್ಳದೆ ಗಂಟಲಿನಿಂದಲೇ ಕೆಮ್ಮುತ್ತಾರೆ. ಹತ್ತು ಹದಿನೈದು ಸಲ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ, ಕಫ ಬರುವುದಿಲ್ಲ.

ಮಾಷ್ಟ್ರಿಗೆ ನಾನು ಅವರ ಗುಡ್ಡೆಯ ಸುರಂಗ ತೋರಿಸಿಯೇ ವಿವರಿಸಿದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ನಮ್ಮ ಕಡೆ ಮನೆಮನೆಗೂ ಗೊತ್ತು. ಒಳಗೆ ಎಲ್ಲೋ ಕೆಸರು ಕಟ್ಟಿದರೆ ಬಾಯಿಯಲ್ಲಿ ನಿಂತು ಕೋಲಿನಿಂದ ತಿವಿದು ಪ್ರಯೋಜನ ಉಂಟಾ? ಕೆಸರಿನ ಹಿಂದೆ ನೀರು ಸೇರಬೇಕು, ಅದು ಹಿಂದಿನಿಂದ ತಳ್ಳಬೇಕು. ಕಫವೂ ಹಾಗೆಯೇ. ಅದರ ಹಿಂದೆ ಗಾಳಿ ಸೇರಬೇಕು. ಗಾಳಿಚೀಲಗಳ ನಡುವೆ ಸಣ್ಣ ಸಣ್ಣ ಕಂಡಿಗಳಿವೆ. ನಿಧಾನವಾಗಿ ಆಳಕ್ಕೆ ಉಸಿರೆಳೆದು ಎರಡು ಮೂರು ಸೆಕೆಂಡ್ ನಿಲ್ಲಿಸಿದರೆ, ಪಕ್ಕದ ಚೀಲದಿಂದ ಆ ಕಂಡಿಗಳ ಮೂಲಕ ಗಾಳಿ ನುಸುಳಿ ಕಫದ ಹಿಂದೆ ಸೇರುತ್ತದೆ. ಉಸಿರು ನಿಲ್ಲಿಸುವುದು ಇದಕ್ಕೆ ಮಾತ್ರ. ಮೂರು ಸೆಕೆಂಡ್ ಸಾಕು.

ಮಾಡುವ ರೀತಿ ಹೀಗೆ. ಬೆನ್ನಿಗೆ ಆಧಾರ ಇರುವ ಕುರ್ಚಿಯಲ್ಲಿ ಕೂತುಕೊಳ್ಳಿ, ಪಾದ ನೆಲಕ್ಕೆ ತಾಗಲಿ. ಹೆಗಲು ಸಡಿಲ ಬಿಡಿ. ಒಂದು ಕೈ ಹೊಟ್ಟೆಯ ಮೇಲೆ. ಮೊದಲು ಅರ್ಧ ನಿಮಿಷ, ಒಂದು ನಿಮಿಷ ಸುಮ್ನೆ ಮೆಲ್ಲಗೆ ಉಸಿರಾಡಿ. ಒಳಗೆ ತೆಗೆದುಕೊಂಡಾಗ ಹೊಟ್ಟೆ ಕೈಯನ್ನು ಮುಂದೆ ತಳ್ಳಬೇಕು, ಬಿಟ್ಟಾಗ ಕೈ ಒಳಗೆ ಹೋಗಬೇಕು. ಆಮೇಲೆ ಮೂಗಿನಲ್ಲಿ ಮೂರು ಅಥವಾ ನಾಲ್ಕು ದೀರ್ಘ ಉಸಿರು. ಈಗ ಕೈಯನ್ನು ಪಕ್ಕೆಯ ಕೆಳಭಾಗದಲ್ಲಿಡಿ, ಪಕ್ಕೆ ಅಗಲವಾಗುವುದು ಕೈಗೆ ಗೊತ್ತಾಗಬೇಕು. ಪ್ರತಿ ಸಲ ಎರಡು ಮೂರು ಸೆಕೆಂಡ್ ನಿಲ್ಲಿಸಿ, ನಿಟ್ಟುಸಿರು ಬಿಟ್ಟ ಹಾಗೆ ಬಿಡಿ. ನಾಲ್ಕಕ್ಕಿಂತ ಜಾಸ್ತಿ ಒಟ್ಟಿಗೆ ಬೇಡ. ತಲೆ ತಿರುಗುತ್ತದೆ, ಬೆರಳು ಜುಂ ಅನ್ನುತ್ತದೆ. ಮತ್ತೆ ಅರ್ಧ ನಿಮಿಷ ಮೆಲ್ಲಗಿನ ಉಸಿರು.

ಈಗ ಮುಖ್ಯ ಭಾಗ. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ 'ಹಾ' ಅಂತ ಬಿಸಿಯುಸಿರು ಬಿಡುತ್ತೇವೆ ಅಲ್ವಾ? ಅದೇ. ಉಸಿರಿನ ವ್ಯಾಯಾಮ ಕಲಿಸುವ ನಾವು ಅದಕ್ಕೆ ಹಫ್ ಅನ್ನುತ್ತೇವೆ. ಸಾಧಾರಣ ಅಳತೆಯ ಉಸಿರು ಎಳೆದುಕೊಂಡು, ಬಾಯಿ ತೆರೆದು, ಹೊಟ್ಟೆಯ ಸ್ನಾಯು ಬಿಗಿಮಾಡಿ, 'ಹಾ...' ಅಂತ ಉದ್ದಕ್ಕೆ ಬಿಡಿ. ಇದು ಆಳದ ಸಣ್ಣ ನಾಳಗಳ ಕಫವನ್ನು ಮೇಲೆ ತರುತ್ತದೆ. ಒಂದೆರಡು ಸಲ ಸಾಕು. ಕಫ ಮೇಲೆ ಬಂದಂತೆ ಎದೆಯ ಮೇಲ್ಭಾಗದಲ್ಲಿ ಗೊರಗೊರ ಸದ್ದು ಕೇಳುತ್ತದೆ. ಆಗ ದೊಡ್ಡ ಉಸಿರು ಎಳೆದು, ಚಿಕ್ಕದಾಗಿ, ಚುರುಕಾಗಿ ಒಂದು 'ಹಾ'. ಕೊನೆಗೆ ಒಂದು ಕೆಮ್ಮು, ಬೇಕಾದರೆ ಎರಡು. ಅಷ್ಟೇ. ಬರಲಿಲ್ಲ ಅಂತ ಮೂರನೆಯದು ಕೆಮ್ಮಬೇಡಿ, ಮೊದಲಿನಿಂದ ಇನ್ನೊಂದು ಸುತ್ತು ಮಾಡಿ. ಒಟ್ಟು ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ, ಊಟದ ಮೊದಲು. ಪಕ್ಕೆ ನೋವಿದ್ದರೆ ಮಡಚಿದ ಚಾದರವನ್ನೋ ದಿಂಬನ್ನೋ ನೋವಿನ ಜಾಗಕ್ಕೆ ಒತ್ತಿ ಹಿಡಿದುಕೊಳ್ಳಿ.

ಕಿಟಕಿ ತೆರೆದಿರಲಿ. ಮಳೆಗಾಲದಲ್ಲಿ ನಮ್ಮವರು ಎಲ್ಲ ಮುಚ್ಚಿಡುತ್ತಾರೆ. ಆ ಹತ್ತು ನಿಮಿಷ ಮಕ್ಕಳು, ವಯಸ್ಸಾದವರು ಎದುರಿಗೆ ಇರಬಾರದು. ಕಫವನ್ನು ಮುಚ್ಚಳ ಇರುವ ಪಾತ್ರೆಗೆ ಉಗುಳಿ, ಅಂಗಳಕ್ಕಲ್ಲ.

'ಹಾ' ಸರಿಯಾಗಿದೆಯೋ ಇಲ್ಲವೋ ಅಂತ ಕಿವಿಯಲ್ಲೇ ಗುರುತಿಸಲು ನಾನು ಕಲಿತದ್ದು 2020ರಲ್ಲಿ. ದೇಶದ ಮೂರನೇ ಕೋವಿಡ್ ರೋಗಿ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ, ಅದೇ ಫೆಬ್ರವರಿಯಲ್ಲಿ. ಮಾರ್ಚಿನಲ್ಲಿ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿತು, ಎಲ್ಲದಕ್ಕೂ ಮಂಗಳೂರಿಗೆ ಓಡುತ್ತಿದ್ದವರು ಇಲ್ಲೇ ಉಳಿದರು. ನಾನೂ ಮನೆಯಲ್ಲೇ. ಫೋನಿನಲ್ಲಿ ವ್ಯಾಯಾಮ ಹೇಳಿಕೊಟ್ಟೆ. ನೆಟ್‌ವರ್ಕ್ ಇಲ್ಲದ ಕಣಿವೆಗಳಲ್ಲಿ ವಿಡಿಯೋ ಎಲ್ಲಿಂದ ಬರಬೇಕು? ಬರೀ ಸದ್ದು. ಗಂಟಲು ಬಿಗಿಹಿಡಿದು ಮಾಡಿದರೆ 'ಖ್ಹ' ಅಂತ ಉಜ್ಜಿದ ಸದ್ದು ಬರುತ್ತದೆ, ಅದು ತಪ್ಪು. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಟೊಳ್ಳು ಸದ್ದು ಬಂದರೆ ಸರಿ. ನೀವೂ ಕೇಳಿಸಿಕೊಂಡು ನೋಡಿ.

ಹೆಂಗಸರು ನನ್ನ ಹತ್ತಿರ ಬಾಗಿಲು ಹಾಕಿಕೊಂಡು ಹೇಳುವ ಒಂದು ವಿಷಯ ಉಂಟು. ಬೀಡಿ ಕಟ್ಟುವ ಒಬ್ಬ ಅಕ್ಕ ವ್ಯಾಯಾಮವನ್ನೇ ನಿಲ್ಲಿಸಿಬಿಟ್ಟಿದ್ದರು. ಕೇಳಿದರೆ ಸಮಯ ಇಲ್ಲ ಎಂದರು. ಮೂರನೇ ಸಲ ಹೋದಾಗ ಬಾಯಿ ಬಿಟ್ಟರು, "ಕೆಮ್ಮಿದರೆ ಬಟ್ಟೆ ಒದ್ದೆ ಆಗ್ತದೆ ಮೇಡಂ." ಹೆರಿಗೆ ಆದವರಲ್ಲಿ, ಮುಟ್ಟು ನಿಂತವರಲ್ಲಿ ಇದು ತೀರಾ ಸಾಮಾನ್ಯ. ವಾರಗಟ್ಟಲೆ ಕೆಮ್ಮಿದರೆ ಇನ್ನೂ ಹೆಚ್ಚು. 'ಹಾ' ಅನ್ನುವ ಮೊದಲು, ಮೂತ್ರ ತಡೆದು ಹಿಡಿಯುವಾಗ ಮಾಡುವಂತೆ ಕೆಳಗಿನ ಸ್ನಾಯುಗಳನ್ನು ಬಿಗಿಮಾಡಿ ಮೇಲೆ ಎಳೆದುಕೊಳ್ಳಿ, ಆಮೇಲೆ ಕೆಮ್ಮಿ. ಹಠಾತ್ತನೆ ಬಂದರೆ ಕಾಲ ಮೇಲೆ ಕಾಲು ಹಾಕಿ. ಅಕ್ಕನಿಗೆ ಇನ್ನೊಂದನ್ನೂ ಹೇಳಿದೆ. ಮೊರ ಮಡಿಲಲ್ಲಿಟ್ಟು ದಿನವಿಡೀ ಬಾಗಿ ಕೂತರೆ ಹೊಟ್ಟೆಯು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಿನ ಸ್ನಾಯುವನ್ನು, ಮೇಲಕ್ಕೆ ಒತ್ತುತ್ತದೆ, ಉಸಿರಿಗೆ ಜಾಗವೇ ಇರುವುದಿಲ್ಲ. ಗಂಟೆಗೊಮ್ಮೆ ಎದ್ದು ಎರಡು ಸುತ್ತು ನಡೆಯಬೇಕು. ಹೊಗೆಸೊಪ್ಪಿನ ಧೂಳಿನ ಬಗ್ಗೆ ಹೇಳಿದ್ದಕ್ಕೆ ಅವರು ನಕ್ಕರು. ಹೊಟ್ಟೆಪಾಡು, ಏನು ಮಾಡುವುದು.

ಇನ್ನು ಮೆಟ್ಟಿಲು. ನಮ್ಮಲ್ಲಿ ತೋಟ ಕೆಳಗೆ, ಮನೆ ಮೇಲೆ. ತೋಟಕ್ಕೆ ಇಳಿಯುವುದು ಸುಲಭ, ಹತ್ತುವಾಗ ಅರ್ಧದಲ್ಲಿ ಕಣ್ಣು ಕತ್ತಲೆ. ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆದು, ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ಮೆಲ್ಲಗೆ ಬಿಡಿ. ಊದುಕೊಳವೆಯಲ್ಲಿ ಒಲೆ ಊದುವ ಜೋರು ಬೇಡ, ಬಿಸಿ ಗಂಜಿ ಆರಿಸುವಷ್ಟು ಸಾಕು. ಮೆಟ್ಟಿಲು ಏರುವಾಗ, ಅಡಿಕೆ ಹೆಕ್ಕಲು ಬಾಗುವಾಗ, ಕೊಡ ಎತ್ತುವಾಗ, ಶ್ರಮದ ಹೊತ್ತಿಗೆ ಉಸಿರು ಹೊರಗೆ ಹೋಗುತ್ತಿರಬೇಕು. ಉಸಿರು ಕಟ್ಟಿ ಎತ್ತಬಾರದು. ದಮ್ಮು ಹತ್ತಿದರೆ ನೆಲಕ್ಕೆ ಕುಸಿಯಬೇಡಿ. ಗೋಡೆಗೆ ಕೈ ಊರಿ ಸ್ವಲ್ಪ ಮುಂದೆ ಬಾಗಿ ನಿಲ್ಲಿ, ಅಥವಾ ಕಟ್ಟೆಯಲ್ಲಿ ಕೂತು ಮೊಣಕೈಗಳನ್ನು ತೊಡೆಯ ಮೇಲಿಡಿ.

ಕವುಚಿ ಮಲಗುವುದರ ಬಗ್ಗೆ ಈಗಲೂ ಕೇಳುತ್ತಾರೆ. ಕೋವಿಡ್ ಸಮಯದಲ್ಲಿ ರಕ್ತದ ಆಕ್ಸಿಜನ್ ಶೇಕಡಾ 94ಕ್ಕಿಂತ ಕೆಳಗೆ ಹೋದವರಿಗೆ ಆಸ್ಪತ್ರೆ ಸಿಗುವವರೆಗೆ ಅದು ನೆರವಾಯಿತು. ಚೇತರಿಸಿಕೊಂಡು ಮನೆಗೆ ಬಂದವರಿಗೆ ಅದರ ಅಗತ್ಯ ಕಡಿಮೆ. ಗರ್ಭಿಣಿಯರು, ಹೃದಯದ ದೊಡ್ಡ ತೊಂದರೆ ಇರುವವರು ಮಾಡಬಾರದು. ಊಟವಾಗಿ ಒಂದು ಗಂಟೆಯೊಳಗೆ ಯಾರೂ ಮಾಡಬಾರದು. ಮಗ್ಗುಲಾಗಿ ಮಲಗಿ, ಆಗಾಗ ಮಗ್ಗುಲು ಬದಲಿಸಿ, ಸಾಕು.

ಮೂರು ಗೋಲಿಯ ಡಬ್ಬದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅದಿಲ್ಲದೆಯೂ ನಡೆಯುತ್ತದೆ. ಗೋಲಿಗಳ ಮೇಲಿನ 600, 900, 1200 ಅಂಕಿಗಳು ಒಂದು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಳೆಯುತ್ತೀರಿ ಎಂಬ ವೇಗ. ಅದನ್ನು ಪರೀಕ್ಷೆಯ ಅಂಕದಂತೆ ನೋಡಿ ಮೂರನ್ನೂ ಛಂಗನೆ ಹಾರಿಸುವವರಿದ್ದಾರೆ. ನನಗೆ ಬೇಕಾದ್ದು ಎರಡು ಗೋಲಿ ಎದ್ದು, ಎರಡು ಮೂರು ಸೆಕೆಂಡ್ ಅಲ್ಲೇ ನಿಲ್ಲುವುದು. ಡಬ್ಬ ತಲೆಕೆಳಗು ಮಾಡಿ ಊದುವುದು ಬೇಡ.

ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಆವಿ ತೆಗೆದುಕೊಂಡರೆ ಮೂಗು ಬಿಡಬಹುದು, ಅದು ಗಾಳಿಚೀಲದವರೆಗೆ ಹೋಗಿ ಏನೂ ಮಾಡುವುದಿಲ್ಲ. ಕುದಿಯುವ ಪಾತ್ರೆ ಮಡಿಲಿಗೆ ಚೆಲ್ಲಿಕೊಂಡವರನ್ನು ನೋಡಿದ್ದೇನೆ, ಹಾಗಾಗಿ ನಾನು ಹೇಳುವುದಿಲ್ಲ. ಕಪಾಲಭಾತಿ, ಭಸ್ತ್ರಿಕಾ ಸದ್ಯ ಬೇಡ. ನಿಧಾನದ ಪ್ರಾಣಾಯಾಮ ಮಾಡಬಹುದು, ಉಸಿರು ಕಟ್ಟುವ ಕುಂಭಕ ಬಿಟ್ಟು. ಹತ್ತು ಸೆಕೆಂಡ್ ಉಸಿರು ಕಟ್ಟಿದರೆ ಶ್ವಾಸಕೋಶ ಚೆನ್ನಾಗಿದೆ ಅಂತ 2020ರಲ್ಲಿ ವಾಟ್ಸಾಪಿನಲ್ಲಿ ಓಡಾಡಿದ ಪರೀಕ್ಷೆಗೆ ಅರ್ಥವಿಲ್ಲ. ಆಗಲೇ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಲ್ಲಗಳೆದಿತ್ತು.

ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ ಒಳ್ಳೆಯದು. ಮಾಷ್ಟ್ರು ಮಾತ್ರ ಅದನ್ನು ಕಳಚುತ್ತಲೇ ಇರಲಿಲ್ಲ. 97, 96, 97 ಅಂತ ಹಾಜರಿ ಕರೆದ ಹಾಗೆ ಓದುತ್ತಿದ್ದರು. ಬೆಳಿಗ್ಗೆ ಒಮ್ಮೆ, ವ್ಯಾಯಾಮದ ಮೊದಲು ಮತ್ತು ನಂತರ, ಸಾಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅಂಕಿ ತಪ್ಪಬಹುದು. ನಡೆದ ಮೇಲೆ ಮೂರು ಅಂಕಿ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವ್ಯಾಯಾಮ ನಿಲ್ಲಿಸಿ ಡಾಕ್ಟರನ್ನು ಕೇಳಿ.

ಕಾಯಬಾರದ ಸಂದರ್ಭಗಳೂ ಇವೆ. ಬಿಟ್ಟ ಜ್ವರ ಮತ್ತೆ ಬಂದರೆ, ಕಫ ಹಳದಿ ಹಸಿರಾಗಿ ಹೆಚ್ಚಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಕಫದಲ್ಲಿ ರಕ್ತ ಕಂಡರೆ, ಕೂತಲ್ಲೇ ಉಸಿರು ಸಾಲದಿದ್ದರೆ, ಎದೆ ನೋವು ಬಂದರೆ, ತುಟಿ ನೀಲಿಗಟ್ಟಿದರೆ, ಮಾತು ತಡವರಿಸಿದರೆ ನೇರ ಆಸ್ಪತ್ರೆಗೆ. ಒಂದೇ ಕಾಲು ಊದಿ ನೋವಾದರೂ ಹಾಗೆಯೇ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಮಳೆ ಬಿಡಲಿ ಅಂತ ಕೂರಬೇಡಿ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಒಂದು ವಾರದಲ್ಲಿ ಜ್ವರ ಹೋಗುತ್ತದೆ, ನಾಲ್ಕು ವಾರಕ್ಕೆ ಎದೆ ನೋವು, ಕಫ ಬಹಳ ಕಡಿಮೆಯಾಗುತ್ತದೆ, ಆರು ವಾರಕ್ಕೆ ಕೆಮ್ಮು, ದಮ್ಮು ಇಳಿಯುತ್ತದೆ. ಸುಸ್ತು ಮೂರು ತಿಂಗಳವರೆಗೂ ಇರಬಹುದು. ಕೆಲವರಿಗೆ ಪೂರ್ತಿ ಮೊದಲಿನಂತಾಗಲು ಆರು ತಿಂಗಳು.

ಮಾಷ್ಟ್ರಿಗೆ ಈ ಲೆಕ್ಕ ಹಿಡಿಸಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುವ ಸಮಯ ಹತ್ತಿರ ಬಂದಿತ್ತು. ಪಂಪಿನ ಹತ್ತಿರ ತಾನು ನಿಲ್ಲದಿದ್ದರೆ ಸುಣ್ಣ, ಮೈಲುತುತ್ತು ಹದ ತಪ್ಪುತ್ತದೆ ಎಂದು ಅವರ ಚಿಂತೆ. ಆ ಹನಿ ಈ ಎದೆಗೆ ಬೇಡ ಎಂದೆ. ಕೊನೆಗೆ ಒಪ್ಪಂದ ಆಯಿತು. ಅವರು ಜಗಲಿಯಲ್ಲೇ ಕೂರುವುದು, ಮಗ ಕೆಳಗಿನಿಂದ ಫೋನಿನಲ್ಲಿ ಕೇಳುವುದು. ನಾನು ಹೊರಡುವಾಗ ಮಾಷ್ಟ್ರು ಸುಣ್ಣದ ಅಳತೆಯನ್ನು ಅಂಗಳದಾಚೆಗೆ ಕೂಗಿ ಹೇಳುತ್ತಿದ್ದರು. ವಾಕ್ಯ ಮುಗಿಯುವ ಮೊದಲು ಒಂದೇ ಸಲ ಉಸಿರು ತೆಗೆದುಕೊಂಡರು.