ಸೈರನ್ ಮತ್ಸ್ಯಕನ್ಯೆಯಲ್ಲ

ಗ್ರೀಕ್ ಪುರಾಣದ ವೀರ ಒಡಿಸ್ಯೂಸನ ಕಡಲಯಾನದ ಕಥೆ ಕನ್ನಡಕ್ಕೆ ಬಂದಾಗಲೆಲ್ಲ ಒಂದು ತಪ್ಪು ಜೊತೆಗೇ ಬರುತ್ತದೆ. ಹಾಡಿ ನಾವಿಕರನ್ನು ಸಾವಿಗೆ ಸೆಳೆಯುವ ಸೈರನ್‌ಗಳು ‘ಮತ್ಸ್ಯಕನ್ಯೆ’ಯರಾಗಿಬಿಡುತ್ತಾರೆ. ಪಕ್ಕದ ಚಿತ್ರದಲ್ಲಿ ಸೊಂಟದ ಕೆಳಗೆ ಮೀನಿನ ಬಾಲ. ಮಕ್ಕಳ ಪುಸ್ತಕದಲ್ಲೂ ಇದೇ, ದೊಡ್ಡವರ ಅನುವಾದದಲ್ಲೂ ಇದೇ. ಪ್ರಾಚೀನ ಗ್ರೀಕ್ ಮಡಕೆಗಳ ಮೇಲಿನ ಸೈರನ್ ಹಕ್ಕಿ. ಹೆಣ್ಣಿನ ತಲೆಯ ಹಕ್ಕಿ.

ಇಟಲಿಯ ವುಲ್ಚಿಯಲ್ಲಿ ಸಿಕ್ಕು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಸ್ಟಾಮ್ನೋಸ್ ಸಾಕು. ಅದು ಅಗಲ ಬಾಯಿಯ, ಎರಡು ಹಿಡಿಯ ಜಾಡಿ, ಕ್ರಿ.ಪೂ. 480–470ರ ಸುಮಾರಿಗೆ ಅಥೆನ್ಸಿನಲ್ಲಿ ಆದದ್ದು. ಹಾಡು ಕೇಳಿದರೂ ಅತ್ತ ಹೋಗದಂತೆ ಒಡಿಸ್ಯೂಸನನ್ನು ಹಡಗಿನ ಕಂಬಕ್ಕೆ ಕಟ್ಟಿದ್ದಾರೆ. ಆಚೆ ಈಚೆ ಬಂಡೆಗಳ ಮೇಲೆ ಇಬ್ಬರು ಸೈರನ್‌ಗಳು. ಮೂರನೆಯವಳು ಕಣ್ಣು ಮುಚ್ಚಿ ತಲೆಕೆಳಗಾಗಿ ಬೀಳುತ್ತಿದ್ದಾಳೆ. ಕತ್ತಿನಿಂದ ಕೆಳಗೆ ಮೂವರದೂ ರೆಕ್ಕೆ, ಗರಿ, ಉಗುರಿನ ಕಾಲು. ಈ ಕಥೆ ಹೇಳಿದ ಗ್ರೀಕ್ ಕವಿ ಹೋಮರ್ ಹೇಳುವುದು ಇಬ್ಬರನ್ನು ಮಾತ್ರ, ಅವರ ಮೈ ಹೇಗಿತ್ತೆಂದು ಅವನು ಒಂದು ಮಾತೂ ಹೇಳುವುದಿಲ್ಲ. ಮೈಯನ್ನು ನಮಗೆ ತೋರಿಸಿದವರು ಚಿತ್ರಕಾರರು. ಮೀನಿನ ಬಾಲ ಯುರೋಪಿನ ಲ್ಯಾಟಿನ್ ಬರಹದಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಶ. 7–8ನೇ ಶತಮಾನದ ಹೊತ್ತಿಗೆ. ಈ ಜಾಡಿಗೂ ಆ ಬಾಲಕ್ಕೂ ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ.

ರೆಕ್ಕೆ ಕಂಡ ಕೂಡಲೇ ಸೈರನ್ ಎಂದುಬಿಡುವುದೂ ತಪ್ಪೇ. ಮೊದಲು ಕಾಲು ನೋಡಿ, ಆಮೇಲೆ ಮುಖ. ನಾಲ್ಕು ಕಾಲು, ಸಿಂಹದ ಮೈ ಇದ್ದರೆ ಅದು ಸ್ಫಿಂಕ್ಸ್. ಮನುಷ್ಯರ ಎರಡು ಕಾಲು, ಉಡುಗೆ, ಹೆಗಲಿನಿಂದ ಹೊರಟ ರೆಕ್ಕೆ ಇದ್ದರೆ ಗೆಲುವಿನ ದೇವತೆ ನೀಕೆಯೋ, ಊಟ ಕಸಿಯುವ ರೆಕ್ಕೆಯ ಹೆಣ್ಣು ಹಾರ್ಪಿಯೋ ಇರಬಹುದು. ಅದನ್ನು ಸುತ್ತಲಿನ ದೃಶ್ಯ ಹೇಳಬೇಕು. ಗ್ರೀಕ್ ಕಥೆಯ ಕುರುಡ ರಾಜ ಫಿನೆಯುಸನ ಊಟ ಕಿತ್ತುಕೊಂಡು ಓಡುತ್ತಿದ್ದರೆ ಹಾರ್ಪಿ. ಹಕ್ಕಿಯ ಎರಡು ಕಾಲಿನ ಮೇಲೆ ಹಕ್ಕಿಯದೇ ಮೈ, ಅದರ ಮೇಲೆ ಮನುಷ್ಯರ, ಸಾಮಾನ್ಯವಾಗಿ ಹೆಣ್ಣಿನ, ತಲೆ ಇದ್ದರಷ್ಟೇ ಸೈರನ್. ಕೆಲವಕ್ಕೆ ಕೈಗಳೂ ಇರುತ್ತವೆ, ಕೈಯಲ್ಲಿ ಲೈರ್ ಎಂಬ ತಂತಿವಾದ್ಯ ಅಥವಾ ಜೋಡಿ ಕೊಳಲು.

ಗಡ್ಡವಿದ್ದರೆ? ಕ್ರಿ.ಪೂ. 7–6ನೇ ಶತಮಾನದಲ್ಲಿ ಗಂಡು ಸೈರನ್‌ಗಳೂ ಇದ್ದವು, ಗಾಬರಿ ಬೇಡ. ಮುಖ ಕಪ್ಪಾಗಿದ್ದ ಮಾತ್ರಕ್ಕೆ ಗಂಡೆಂದು ಬರೆಯಬೇಡಿ. ಕಪ್ಪು ಆಕೃತಿಯ ಶೈಲಿಯಲ್ಲಿ ಹೆಣ್ಣಿನ ಚರ್ಮಕ್ಕೆ ಕಪ್ಪು ಲೇಪದ ಮೇಲೆ ಬಿಳಿ ಜೇಡಿ ಹಚ್ಚುತ್ತಿದ್ದರು. ಅದು ಕಪ್ಪಿನಷ್ಟು ಭದ್ರವಾಗಿ ಅಂಟುವುದಿಲ್ಲ, ಉದುರಿದರೆ ಒಳಗಿನ ಕಪ್ಪೇ ಕಾಣುತ್ತದೆ. ಮಡಕೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬಿಳಿ ಇದ್ದ ಜಾಗ ಸಾಮಾನ್ಯವಾಗಿ ಹೊಳಪು ಕಳೆದುಕೊಂಡು ಮಂಕಾಗಿ ತೋರುತ್ತದೆ. ಕಣ್ಣೂ ಸುಳಿವು ಕೊಡುತ್ತದೆ: ಗಂಡಿಗೆ ಗುಂಡಗೆ, ಹೆಣ್ಣಿಗೆ ಬಾದಾಮಿಯಾಕಾರ. ಇದೊಂದನ್ನೇ ನಂಬಿ ತೀರ್ಪು ಕೊಡಬಾರದು.

ಹಾಗೆಯೇ ಎಲ್ಲ ಸೈರನ್‌ಗೂ ಒಡಿಸ್ಯೂಸನ ಕಥೆ ಅಂಟಿಸಬೇಡಿ. ಗ್ರೀಕ್ ನಗರ ಕೊರಿಂಥದ ಪುಟ್ಟ ಸುಗಂಧ ತೈಲದ ಕುಡಿಕೆಗಳ ಮೇಲೆ ಅವಳು ಸಿಂಹ, ಬಾತುಗಳ ಸಾಲಿನಲ್ಲಿ ಸುಮ್ಮನೆ ನಿಂತಿರುತ್ತಾಳೆ. ಹಡಗಿಲ್ಲ, ಕಡಲಿಲ್ಲ.

ಕನ್ನಡದಲ್ಲಿ ‘ಕಿನ್ನರಿ’ ಎನ್ನಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಆಸೆ ಹುಟ್ಟಿಸುವ ಪದವೇ. ನಮ್ಮ ಶಿಲ್ಪಗಳಲ್ಲೂ ಹಕ್ಕಿಮೈಯ ಕಿನ್ನರರಿದ್ದಾರೆ, ಕಿನ್ನರಿ ಎಂದರೆ ತಂತಿವಾದ್ಯವೂ ಹೌದು. ಆದರೆ ಕಿನ್ನರಿ ಹಾಡಿ ಯಾರ ಜೀವವನ್ನೂ ತೆಗೆಯುವುದಿಲ್ಲ. ಹೆಸರು ಬದಲಿಸಿದರೆ ಸ್ವಭಾವವೂ ಬದಲಾಗುತ್ತದೆ. ಸೈರನ್ ಎಂದೇ ಬರೆದು, ಮೊದಲ ಸಲ ‘ಹೆಣ್ಣಿನ ತಲೆಯ ಹಕ್ಕಿ’ ಎಂದು ಸೇರಿಸುವುದು ಒಳ್ಳೆಯದು.

ಹೆಣ್ಣಿನ ಪಕ್ಕದಲ್ಲಿ ಇಡೀ ಹಕ್ಕಿಯೇ ನಿಂತಿದ್ದರೆ ಲೆಕ್ಕ ಬೇರೆ. ರೋಡ್ಸ್ ದ್ವೀಪದ ಕಾಮಿರೋಸ್‌ನಲ್ಲಿ ಸಿಕ್ಕ ಬಿಳಿ ಹಿನ್ನೆಲೆಯ ಬಟ್ಟಲಲ್ಲಿ ಪ್ರೇಮದ ದೇವಿ ಅಫ್ರೊಡೈಟಿ ಹೆಬ್ಬಾತಿನ ಮೇಲೆ ಕೂತು ಹಾರುತ್ತಾಳೆ. ಅಲ್ಲಿ ಹಕ್ಕಿ ದೇವಿಯ ವಾಹನ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಮಡಕೆಗಳಲ್ಲಿ ಹೆಂಗಸರ ಕೋಣೆಯೊಳಗೆ, ಉಣ್ಣೆಯ ಬುಟ್ಟಿ, ಪೀಠಗಳ ನಡುವೆ ನೀಳಗಾಲಿನ ಬಕ ನಿಂತಿರುತ್ತದೆ. ಅದು ಸಾಕಿದ ಹಕ್ಕಿ, ಮನೆಯಲ್ಲಿ ಓಡಾಡಿಕೊಂಡಿರುವುದು.