ವಾಲ್ವ್ ಲೀಕ್ ಇದೆ ಸರಿ, ಎಷ್ಟಿದೆ?

ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗಳು ಹೆಚ್ಚಾಗಿ ತಗ್ಗಿನಲ್ಲಿ, ತೋಟದ ಮಗ್ಗುಲಲ್ಲಿ ಇರುತ್ತವೆ. ರಸ್ತೆಗೆ ಬರಬೇಕಾದರೆ ಏರು ಹತ್ತಲೇಬೇಕು. ಹಾಗಾಗಿ ಹೃದಯ ಸೋತಾಗ ಅದು ಮೊದಲು ಗೊತ್ತಾಗುವುದು ಆ ಏರಿನಲ್ಲೇ. ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಿದ್ದ ಅಮ್ಮನನ್ನು ಮಕ್ಕಳು ಬಲವಂತದಿಂದ ಶಿವಮೊಗ್ಗಕ್ಕೆ ಕರೆತಂದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸುತ್ತಾರೆ. ರಿಪೋರ್ಟಿನಲ್ಲಿ ‘ಎಂ.ಆರ್.’ (ಮೈಟ್ರಲ್ ರಿಗರ್ಜಿಟೇಶನ್) ಎಂದು ಬರುತ್ತದೆ. ಹೃದಯದ ಎಡ ಹೃತ್ಕುಕ್ಷಿ (ಕೆಳಗಿನ ಕೋಣೆ) ದೇಹಕ್ಕೆ ತಳ್ಳಬೇಕಾದ ರಕ್ತದಲ್ಲಿ ಒಂದು ಪಾಲು ಮೈಟ್ರಲ್ ಕವಾಟದ (ವಾಲ್ವ್) ಸಂದಿಯಿಂದ ಮೇಲಿನ ಕೋಣೆಯಾದ ಹೃತ್ಕರ್ಣಕ್ಕೇ ವಾಪಸ್ ನುಗ್ಗುತ್ತಿದೆ ಎಂದರ್ಥ. ಸಂಜೆಯೊಳಗೆ ನೆಂಟರಿಗೆಲ್ಲ ಸುದ್ದಿ ಮುಟ್ಟಿ, ಆಪರೇಷನ್ ಮಾತು ಶುರುವಾಗುತ್ತದೆ.

ಆ ಗಾಬರಿಯಲ್ಲಿ ಪಕ್ಕದ ಪದವನ್ನು ಯಾರೂ ಓದಿರುವುದಿಲ್ಲ: ಟ್ರಿವಿಯಲ್ (ತೀರಾ ಅತ್ಯಲ್ಪ), ಮೈಲ್ಡ್ (ಸ್ವಲ್ಪ), ಮಾಡರೇಟ್ (ಮಧ್ಯಮ), ಸಿವಿಯರ್ (ತೀವ್ರ). ಕವಾಟದ ರಚನೆ ಚೆನ್ನಾಗಿದ್ದರೆ ಟ್ರಿವಿಯಲ್ ಸೋರಿಕೆಗೆ ಹೆದರಬೇಕಿಲ್ಲ. ಗಟ್ಟಿಮುಟ್ಟಾಗಿರುವವರಲ್ಲೂ ಅದು ಕಾಣುತ್ತದೆ, ಬಲಭಾಗದ ಟ್ರೈಕಸ್ಪಿಡ್ ಕವಾಟದಲ್ಲಂತೂ ತೀರಾ ಸಾಮಾನ್ಯ.

ಪರೀಕ್ಷೆಗೆ ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಆಗ ಹೃದಯ ಎದೆಗೋಡೆಯ ಹತ್ತಿರಕ್ಕೆ ಸರಿಯುತ್ತದೆ. ತಣ್ಣನೆಯ ಜೆಲ್ ಹಚ್ಚುವುದು, ಚರ್ಮಕ್ಕೂ ಪ್ರೋಬಿಗೂ (ಶಬ್ದ ಕಳಿಸಿ ಮರಳಿ ಹಿಡಿಯುವ ಕೈಸಾಧನ) ನಡುವೆ ಗಾಳಿ ಉಳಿದರೆ ಶ್ರವಣಾತೀತ ಶಬ್ದ ಒಳಗೆ ದಾಟುವುದಿಲ್ಲವೆಂದು. ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ ಒತ್ತಿದರೆ, ಮೈಟ್ರಲ್ ಕವಾಟದ ಎರಡು ತೆಳು ಎಸಳುಗಳು ಪರದೆಯ ಮೇಲೆ ತೆರೆದು ಮುಚ್ಚುವುದು ಕಾಣುತ್ತದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಈ ವಿದ್ಯೆಗೆ ಕೈಹಾಕಿದ್ದು ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ತಂದು. ಎಡ್ಲರ್ ತಿಳಿಯಬಯಸಿದ್ದು ಇದೇ ಮೈಟ್ರಲ್ ಕವಾಟದ ಕಾಯಿಲೆಯನ್ನು.

ಎಕೋದಲ್ಲಿ ರಕ್ತದ ಹರಿವು ತೋರಿಸುವುದು ಡಾಪ್ಲರ್ ಎಂಬ ವಿಧಾನ. ಪ್ರೋಬಿನ ಕಡೆಗೆ ಬರುವ ರಕ್ತಕಣಗಳಿಗೆ ತಾಗಿ ಮರಳುವ ಶಬ್ದದ ಆವರ್ತನ ಏರುತ್ತದೆ, ದೂರ ಹೋಗುವ ಕಣಗಳಿಂದ ಮರಳಿದ್ದು ಇಳಿಯುತ್ತದೆ. ಯಂತ್ರ ಸಾಮಾನ್ಯವಾಗಿ ಹತ್ತಿರ ಬರುವುದಕ್ಕೆ ಕೆಂಪು, ದೂರ ಸರಿಯುವುದಕ್ಕೆ ನೀಲಿ ಬಣ್ಣ ಕೊಡುತ್ತದೆ. ರಭಸದ ಸೋರಿಕೆ ಹಲವು ಬಣ್ಣ ಬೆರೆತ ಚಿಮ್ಮುಗೆಯಾಗಿ ಕಾಣುತ್ತದೆ.

ಈ ಚಿಮ್ಮುಗೆಯ ಉದ್ದ ನೋಡಿಯೇ ತೀರ್ಮಾನಿಸುವಂತಿಲ್ಲ. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದೆ, ಬೀಳುವ ನೀರೇನೂ ಹೆಚ್ಚುವುದಿಲ್ಲ. ಚಿಮ್ಮುಗೆಯ ಸೆಕೆಂಡಿಗೆ ಮೀಟರ್ ಲೆಕ್ಕದ ವೇಗವನ್ನು ವರ್ಗ ಮಾಡಿ 4ರಿಂದ ಗುಣಿಸಿದರೆ ಎರಡು ಕೋಣೆಗಳ ಒತ್ತಡದ ವ್ಯತ್ಯಾಸ ಸಿಗುತ್ತದೆ: ವೇಗ 5 ಮೀಟರ್ ಇದ್ದರೆ 100 ಮಿ.ಮೀ. ಪಾದರಸ. ಅಂದರೆ ವೇಗ ಹೇಳುವುದು ಒತ್ತಡವನ್ನು. ಪ್ರಮಾಣ ಬೇಕಾದರೆ ಕಿಂಡಿಯನ್ನೇ ಅಳೆಯಬೇಕು. ಚಿಮ್ಮುಗೆಯ ಅತ್ಯಂತ ಕಿರಿದಾದ ಕುತ್ತಿಗೆ 7 ಮಿ.ಮೀ. ಅಥವಾ ಹೆಚ್ಚಿದ್ದರೆ, ಒಂದು ಬಡಿತಕ್ಕೆ 60 ಮಿ.ಲೀ. ಅಥವಾ ಹೆಚ್ಚು ರಕ್ತ ಹಿಂದೆ ಹೋಗುತ್ತಿದ್ದರೆ ಅದು ಸಿವಿಯರ್ ಕಡೆಗೆ ಬೊಟ್ಟು ಮಾಡುತ್ತದೆ.

ನನಗೆ ಹೆಚ್ಚು ಕಳವಳ ಸಿವಿಯರ್ ಇದ್ದೂ ‘ನಂಗೇನೂ ಆಗಿಲ್ಲ’ ಎನ್ನುವವರ ಬಗ್ಗೆ. ನಿಧಾನಕ್ಕೆ ಬೆಳೆದ ಸೋರಿಕೆಗೆ ಹೃದಯ ಹಿಗ್ಗಿ ಹೊಂದಿಕೊಳ್ಳುತ್ತದೆ, ಮನುಷ್ಯ ಏರು ಹತ್ತುವುದನ್ನೇ ಕಮ್ಮಿ ಮಾಡಿಕೊಳ್ಳುತ್ತಾನೆ. ರಿಪೋರ್ಟಿನ ‘ಇ.ಎಫ್. 60’ ಕೂಡ (ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇ. 60ರಷ್ಟನ್ನು ಹೊರತಳ್ಳುತ್ತದೆ ಎಂದರ್ಥ) ಇಲ್ಲಿ ದಾರಿ ತಪ್ಪಿಸಬಲ್ಲದು. ಬೇರೆಯವರಿಗೆ ಅದು ಒಳ್ಳೆಯ ಅಂಕಿ. ಮೈಟ್ರಲ್ ಸೋರುವವರಲ್ಲಿ ಹೃದಯ ಒಂದಷ್ಟು ರಕ್ತವನ್ನು ಕಡಿಮೆ ಒತ್ತಡದ ಹೃತ್ಕರ್ಣಕ್ಕೆ ಸಲೀಸಾಗಿ ತಳ್ಳುತ್ತಿರುತ್ತದೆ, ಆದ್ದರಿಂದ ಅಂಕಿ ಇರಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕವಾಟವೇ ಕೆಟ್ಟು ಸಿವಿಯರ್ ಸೋರಿಕೆಯಾದವರಲ್ಲಿ ಇ.ಎಫ್. 60 ಅಥವಾ ಕೆಳಗೆ ಬಂದರೆ, ಇಲ್ಲವೇ ಸಂಕುಚಿಸಿದಾಗಲೂ ಎಡ ಹೃತ್ಕುಕ್ಷಿಯ ಅಗಲ 40 ಮಿ.ಮೀ. ಮುಟ್ಟಿದರೆ, ಏದುಸಿರು ಇಲ್ಲದಿದ್ದರೂ ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಆ ಅಗಲ ಕಳೆದ ಬಾರಿಗಿಂತ ಬೆಳೆದಿದೆಯೇ ಎಂದು ಅವರಿಗೆ ತಿಳಿಯಬೇಕಾದರೆ ಹಳೇ ರಿಪೋರ್ಟುಗಳು ಜೊತೆಗಿರಬೇಕು. ಹೋಗುವಾಗ ಮರೆಯದೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿಕೊಂಡು ಹೋಗಿ.