ಮೊದಲ ಒಪೆರಾ ಯಾವುದಿರಲಿ? ಹೊಸಬರಿಗೊಂದು ಅಧ್ಯಯನ ಟಿಪ್ಪಣಿ

ಒಪೆರಾ, ಅಂದರೆ ಹಾಡಿನಲ್ಲೇ ಕಥೆ ಹೇಳುವ ಪಾಶ್ಚಾತ್ಯ ಸಂಗೀತ ನಾಟಕ, ಇದರ ಕಡೆ ಹೊಸದಾಗಿ ಬಂದವರು ಮೊದಲು ಹುಡುಕುವುದು 'ಎಲ್ಲಕ್ಕಿಂತ ದೊಡ್ಡ ಒಪೆರಾ ಯಾವುದು' ಅಂತ. ಹುಡುಕಿದರೆ ಜರ್ಮನ್ ಸಂಗೀತಕಾರ ವಾಗ್ನರ್‌ನ 'ರಿಂಗ್' ಸಿಕ್ಕೇ ಸಿಗುತ್ತದೆ. ನಾಲ್ಕು ದಿನ ನಡೆಯುವ ಕೃತಿ, ಒಟ್ಟು ಸುಮಾರು 15 ಗಂಟೆ ಸಂಗೀತ. ಅಲ್ಲಿಂದ ಶುರು ಮಾಡಿದವರು ಎರಡನೇ ಒಪೆರಾಗೆ ಬರುವುದೇ ಅನುಮಾನ.

ನನ್ನ ಅಳತೆಗೋಲು ಬೇರೆ. ವೇದಿಕೆ ಮೇಲಿರುವವರು ಈಗ ಯಾಕೆ ಹಾಡುತ್ತಿದ್ದಾರೆ ಅನ್ನೋದು ನೋಡುತ್ತಿದ್ದ ಹಾಗೇ ಗೊತ್ತಾಗಬೇಕು. ಚಳಿ, ಪ್ರೀತಿ, ಹೊಟ್ಟೆಕಿಚ್ಚು, ಕಾಯಿಲೆ, ಇವಕ್ಕೆಲ್ಲ ವಿವರಣೆ ಬೇಕಿಲ್ಲ. 'ರಿಂಗ್'ನಲ್ಲಿ ಬರುವ ದೇವತೆಗಳ ವಂಶಾವಳಿಗೆ ಬೇಕು. ಕಥೆ ಹಿಡಿಯುವುದಕ್ಕೇ ತಲೆಯೆಲ್ಲ ಖರ್ಚಾದರೆ ಸಂಗೀತ ಕೇಳುವವರು ಯಾರು? ಈ ಅಳತೆಗೆ ಚೆನ್ನಾಗಿ ಹೊಂದುವುದು ಇಟಲಿಯ ಸಂಗೀತಕಾರ ಪುಚ್ಚಿನಿಯ 'ಲಾ ಬೊಹೆಮ್'. ಬೇರೆಯವರು ಬೇರೆ ಹೆಸರು ಹೇಳಬಹುದು, ಹೇಳಲಿ.

ಲಾ ಬೊಹೆಮ್ ಯಾಕೆ?

ಇದರ ಮೊದಲ ಪ್ರದರ್ಶನ ನಡೆದದ್ದು 1896ರ ಫೆಬ್ರವರಿ 1ರಂದು, ಇಟಲಿಯ ಟುರಿನ್‌ನಲ್ಲಿ. ಆರ್ಕೆಸ್ಟ್ರಾ (ವಾದ್ಯವೃಂದ) ನಡೆಸಿದ್ದು ಮುಂದೆ ಜಗತ್ಪ್ರಸಿದ್ಧರಾದ ತೊಸ್ಕನಿನಿ, ಆಗ ಅವರಿಗೆ 28 ವರ್ಷ. ಒಟ್ಟು ನಾಲ್ಕು ಅಂಕ. ಸಂಗೀತ ಎರಡು ಗಂಟೆಗೂ ಕಡಿಮೆ. ಕಥೆ ನಡೆಯುವುದು ಪ್ಯಾರಿಸ್‌ನಲ್ಲಿ, 1830ರ ಆಸುಪಾಸು. ಕೈಯಲ್ಲಿ ಕಾಸಿಲ್ಲದ ನಾಲ್ವರು ಗೆಳೆಯರು ಒಂದು ಅಟ್ಟದ ಕೋಣೆಯಲ್ಲಿದ್ದಾರೆ. ಅವರಲ್ಲಿ ಕವಿ ರೊಡೊಲ್ಫೊ, ಒಲೆಗೆ ಸೌದೆ ಇಲ್ಲ ಅಂತ ತಾನೇ ಬರೆದ ನಾಟಕದ ಹಸ್ತಪ್ರತಿಯನ್ನು ಸುಡುತ್ತಾನೆ. ಆಮೇಲೆ ಬಾಡಿಗೆ ಕೇಳಲು ಮನೆ ಮಾಲೀಕ ಬರುತ್ತಾನೆ. ಇದಕ್ಕೆಲ್ಲ ಯಾವ ಟಿಪ್ಪಣಿ ಬೇಕು?

ಮೊದಲ ಅಂಕದ ಕೊನೆಯ ಭಾಗವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ. ಕ್ರಿಸ್‌ಮಸ್ ಹಿಂದಿನ ರಾತ್ರಿ. ಗೆಳೆಯರು ಹೊರಗೆ ಹೋಗಿದ್ದಾರೆ, ರೊಡೊಲ್ಫೊ ಒಬ್ಬನೇ ಬರೆಯುತ್ತಾ ಕೂತಿದ್ದಾನೆ. ಬಾಗಿಲು ಬಡಿದ ಸದ್ದು. ಪಕ್ಕದ ಕೋಣೆಯ ಮಿಮಿ, ಕಸೂತಿ ಹಾಕಿ ಬದುಕುವ ಹುಡುಗಿ. ಅವಳ ಮೇಣದಬತ್ತಿ ಆರಿಹೋಗಿದೆ. ಮೆಟ್ಟಿಲು ಹತ್ತಿ ಬಂದದ್ದಕ್ಕೇ ಉಸಿರು ಕಟ್ಟುತ್ತಿದೆ. ಅವಳಿಗೆ ಕ್ಷಯ ಅನ್ನೋದರ ಮೊದಲ ಸುಳಿವು ಇದೇ. ಬತ್ತಿ ಹಚ್ಚಿಸಿಕೊಂಡು ಹೊರಟವಳು ಬೀಗದ ಕೈ ಬಿಟ್ಟುಹೋಯಿತು ಅಂತ ವಾಪಸ್ ಬರುತ್ತಾಳೆ. ಅಷ್ಟರಲ್ಲಿ ಗಾಳಿಗೆ ಬತ್ತಿ ಮತ್ತೆ ಆರುತ್ತದೆ, ಅವನದೂ ಆರುತ್ತದೆ. ಇಬ್ಬರೂ ಕತ್ತಲಲ್ಲಿ ನೆಲ ತಡಕುತ್ತಾರೆ. ಬೀಗದ ಕೈ ಅವನಿಗೆ ಸಿಗುತ್ತದೆ, ಸುಮ್ನೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಹುಡುಕುವ ನಾಟಕ ಮುಂದುವರಿಯುತ್ತದೆ. ಅವಳ ಕೈ ತಗಲುತ್ತದೆ, ಮಂಜಿನಷ್ಟು ತಣ್ಣಗೆ. ಹಾಡು ಶುರುವಾಗುವುದು ಅಲ್ಲಿ, 'ಎಷ್ಟು ತಣ್ಣಗಿದೆ ಈ ಪುಟ್ಟ ಕೈ' ಅಂತ.

ಅವನು ತಾನು ಯಾರು ಅಂತ ಹೇಳುತ್ತಾನೆ, ಆಮೇಲೆ ಅವಳು ಹೇಳುತ್ತಾಳೆ, ಆಮೇಲೆ ಇಬ್ಬರೂ ಸೇರಿ. ಒಂದು ಪರಿಚಯ, ಎರಡು ಸೋಲೋ ಹಾಡು, ಒಂದು ಯುಗಳಗೀತೆ. ಎಲ್ಲ ಸೇರಿ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಇದಕ್ಕೂ ಹಿಂದಿನ ಕಾಲದ ಇಟಾಲಿಯನ್ ಒಪೆರಾಗಳಲ್ಲಿ ಮಾತಿನಂಥ ಹಾಡಿಕೆ ಬೇರೆ, ನಿಂತು ಹಾಡುವ ಹಾಡು ಬೇರೆ. ಮೊದಲನೆಯದನ್ನು ರೆಸಿಟಟಿವ್ ಅಂತಾರೆ, ಎರಡನೆಯದನ್ನು ಆರಿಯಾ. ಒಂದರಲ್ಲಿ ಕಥೆ ಓಡುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ. ಪುಚ್ಚಿನಿಯಲ್ಲಿ ಈ ಗೆರೆ ಹೆಚ್ಚುಕಡಿಮೆ ಅಳಿಸಿಹೋಗಿದೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅನ್ನೋದು ಗೊತ್ತಾಗುವುದೇ ಇಲ್ಲ. ಹೊಸಬರಿಗೆ ಇದು ದೊಡ್ಡ ಅನುಕೂಲ.

ಇನ್ನೊಂದು ವಿಷಯ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ನಾಲ್ಕನೇ ಅಂಕದಲ್ಲಿ ಮಿಮಿ ಸಾಯುವ ಸ್ಥಿತಿಯಲ್ಲಿ ಅದೇ ಕೋಣೆಗೆ ಬರುತ್ತಾಳೆ. ಇಬ್ಬರೂ ಆ ಮೊದಲ ರಾತ್ರಿಯ ಮಾತಾಡುತ್ತಾರೆ. 'ಬೀಗದ ಕೈ ನಿಮಗೆ ಬೇಗನೇ ಸಿಕ್ಕಿತ್ತು, ಅಲ್ವಾ' ಅಂತ ಆಗ ಅವಳು ಹೇಳುತ್ತಾಳೆ. ಅವಳಿಗೆ ಗೊತ್ತಿತ್ತು! ಆ ಕ್ಷಣದಲ್ಲಿ ಮೊದಲ ಅಂಕದ ರಾಗವೇ ಮತ್ತೆ ಬರುತ್ತದೆ. ಹಳೆಯ ರಾಗ ಕಿವಿಯಲ್ಲಿ ಉಳಿದಿದ್ದರೆ ಮಾತ್ರ ಇದು ತಾಗುತ್ತದೆ. ಹಾಗಾಗಿ ಹೋಗುವ ಮೊದಲು ಬೇರೇನೂ ಓದದಿದ್ದರೂ ಪರವಾಗಿಲ್ಲ, ಆ ಇಪ್ಪತ್ತು ನಿಮಿಷದ ಸಂಗೀತವನ್ನು ನಾಲ್ಕೈದು ಸಲ ಕೇಳಿ. ಕಥೆಯ ಕೊನೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಅನ್ನೋ ಹೆದರಿಕೆ ಇಲ್ಲಿ ಬೇಡ. ಸುತ್ತ ಕೂತವರಲ್ಲಿ ಎಷ್ಟೋ ಜನ ಅದು ಗೊತ್ತಿದ್ದೇ ಬಂದಿರುತ್ತಾರೆ.

ಎರಡನೇ ಅಂಕ ಮಾತ್ರ ಗದ್ದಲ. ಬೀದಿ ತುಂಬ ಜನ, ಮಕ್ಕಳು, ಆಟಿಕೆ ಮಾರುವವನು. ಎಲ್ಲಿ ನೋಡಬೇಕು ಅಂತ ತೋಚದಿದ್ದರೆ ಮುಸೆಟ್ಟಾಳನ್ನು (ಗೆಳೆಯರಲ್ಲೊಬ್ಬನಾದ ಚಿತ್ರಕಾರನ ಹಳೆಯ ಪ್ರೇಯಸಿ) ನೋಡಿ ಸಾಕು.

ಬೇರೆ ಆಯ್ಕೆಗಳು

ಹಾಡುಗಳು ಮೊದಲೇ ಗೊತ್ತಿರಬೇಕು ಅನ್ನುವವರಿಗೆ ಬಿಜೆಯ 'ಕಾರ್ಮೆನ್'. ಅದರ ರಾಗಗಳು ಜಾಹೀರಾತುಗಳಲ್ಲಿ, ಕಾರ್ಟೂನ್‌ಗಳಲ್ಲಿ ಎಷ್ಟು ಬಂದಿವೆ ಅಂದರೆ ಒಪೆರಾ ನೋಡದವರಿಗೂ ಗೊತ್ತು. ನಾಯಕಿ ಕಾರ್ಮೆನ್ ಹಾಡುವ 'ಹಬನೇರಾ' ಅನ್ನೋ ಹಾಡಿನಲ್ಲಿ ಚೆಲ್ಲೋಗಳನ್ನು (ದೊಡ್ಡ ಪಿಟೀಲಿನಂಥ ವಾದ್ಯ) ಗಮನಿಸಿ. ಒಂದೇ ಪುಟ್ಟ ಲಯವನ್ನು ಬಿಡದೆ ನುಡಿಸುತ್ತಿರುತ್ತವೆ, ಅದರ ಮೇಲೆ ಅವಳ ದನಿ ಜಾರುತ್ತಾ ಇಳಿಯುತ್ತದೆ. 1875ರ ಮಾರ್ಚ್ 3ರಂದು ಪ್ಯಾರಿಸ್‌ನಲ್ಲಿ ಮೊದಲ ಸಲ ಆಡಿದಾಗ ಹಲವು ವಿಮರ್ಶಕರು ಬೈದರು. ಸರಿಯಾಗಿ ಮೂರು ತಿಂಗಳಿಗೆ ಬಿಜೆ ತೀರಿಕೊಂಡರು, 36ನೇ ವಯಸ್ಸಿನಲ್ಲಿ. ಕಾರ್ಮೆನ್‌ನ ಒಂದೇ ತೊಂದರೆ ಉದ್ದ. ಬಿಡುವು ಸೇರಿದರೆ ಮೂರು ಗಂಟೆ ದಾಟುತ್ತದೆ.

ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಮೊದಲು ನೋಡಿ ಅಂತ ತುಂಬ ಜನ ಹೇಳುತ್ತಾರೆ. ನನಗೆ ಅಷ್ಟು ಒಪ್ಪಿಗೆ ಇಲ್ಲ. ಸಂಗೀತಕ್ಕೆ ಎರಡು ಮಾತಿಲ್ಲ. ಆದರೆ ಮೊದಲು ಒಳ್ಳೆಯವಳು ಅಂದುಕೊಂಡ ರಾಣಿ ಆಮೇಲೆ ಕೆಟ್ಟವಳು, ಕೆಟ್ಟವನು ಅಂದುಕೊಂಡವನು ಸಾಧು. ನಡುನಡುವೆ ಜರ್ಮನ್‌ನಲ್ಲಿ ಬರೀ ಮಾತು. ಎಲ್ಲರೂ ಕಾಯುವ ರಾಣಿಯ ಸಿಟ್ಟಿನ ಹಾಡು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮಕ್ಕಳ ಜೊತೆ ಹೋಗುವುದಾದರೆ ಮಾತ್ರ ಇದೇ ಸರಿ, ಹಕ್ಕಿ ಹಿಡಿಯುವ ಪಪಗೆನೊನನ್ನು ಇಷ್ಟಪಡದ ಮಕ್ಕಳು ಕಡಿಮೆ.

ನಗಬೇಕು ಅಂದರೆ ರೊಸ್ಸಿನಿಯ 'ಬಾರ್ಬರ್ ಆಫ್ ಸೆವಿಲ್'. ಅಳಬೇಕು, ಆದರೆ ಹಳೆಯ ಶೈಲಿಯಲ್ಲಿ ಅಂದರೆ ವರ್ಡಿಯ 'ಲಾ ಟ್ರಾವಿಯಾಟಾ'.

ಟಿಕೆಟ್ ತೆಗೆದುಕೊಳ್ಳುವ ಮುನ್ನ

ಕೃತಿ ಆರಿಸಿದರೆ ಅರ್ಧ ಕೆಲಸ. ಅದನ್ನು ರಂಗದ ಮೇಲೆ ಹೇಗೆ ತರುತ್ತಿದ್ದಾರೆ ಅನ್ನೋದು ಉಳಿದರ್ಧ. 2017ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಕ್ಲೌಸ್ ಗುತ್ ನಿರ್ದೇಶಿಸಿದ 'ಲಾ ಬೊಹೆಮ್' ನಡೆದದ್ದು ಬಾಹ್ಯಾಕಾಶ ನೌಕೆಯಲ್ಲಿ, ಚಂದ್ರನ ಮೇಲೆ! ಹತ್ತು ಸಲ ನೋಡಿದವರಿಗೆ ಅದು ಕುತೂಹಲ. ಮೊದಲ ಸಲದವರಿಗೆ ಬತ್ತಿ, ಬೀಗದ ಕೈ, ಚಳಿ ಎಲ್ಲ ಗೋಜಲಾಗುತ್ತದೆ. ಪ್ರದರ್ಶನದ ಫೋಟೊಗಳನ್ನು ಒಮ್ಮೆ ನೋಡಿದರೆ ಸಾಕು, ತಿಳಿದುಹೋಗುತ್ತದೆ.

ಭಾಷೆಯ ಚಿಂತೆ ಬೇಡ. 1983ರಲ್ಲಿ ಟೊರಾಂಟೊದ ಕೆನಡಿಯನ್ ಒಪೆರಾ ಕಂಪನಿ ವೇದಿಕೆಯ ಮೇಲ್ಭಾಗದಲ್ಲಿ ಅನುವಾದ ತೋರಿಸಲು ಶುರು ಮಾಡಿತು. ಈಗ ದೊಡ್ಡ ರಂಗಮಂದಿರಗಳಲ್ಲೆಲ್ಲ ಅದು ಮಾಮೂಲಿ. ಆದರೆ ಪ್ರತಿ ಸಾಲನ್ನೂ ಓದುತ್ತಾ ಕೂರಬೇಡಿ, ಕತ್ತು ನೋವು ಬರುತ್ತದೆ, ವೇದಿಕೆಯೂ ತಪ್ಪುತ್ತದೆ.

ಹತ್ತಿರದಲ್ಲಿ ಒಪೆರಾ ಮಂದಿರ ಇಲ್ಲದವರಿಗೆ ಸಿನಿಮಾ ಪರದೆ ಇದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ 2006ರ ಡಿಸೆಂಬರ್‌ನಿಂದ ಚಿತ್ರಮಂದಿರಗಳಿಗೆ ನೇರ ಪ್ರಸಾರ ಮಾಡುತ್ತಿದೆ. ಮುಖ ಹತ್ತಿರದಿಂದ ಕಾಣುತ್ತದೆ, ಅದು ಲಾಭ. ನಷ್ಟ ಏನಂದರೆ ದನಿ ಸ್ಪೀಕರ್‌ನಿಂದ ಬರುತ್ತದೆ. ಮಂದಿರದಲ್ಲಿ ಗಾಯಕರಿಗೆ ಮೈಕ್ ಇರುವುದಿಲ್ಲ. ತರಬೇತಾದ ಗಂಡು ದನಿಯಲ್ಲಿ ಸುಮಾರು 3000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಆವರ್ತನದ ಹತ್ತಿರ ವಿಶೇಷ ಬಲ ಇರುತ್ತದೆ. ಆರ್ಕೆಸ್ಟ್ರಾದ ಬಲ ಅದಕ್ಕಿಂತ ತುಂಬ ಕೆಳಗಿನ ಆವರ್ತನಗಳಲ್ಲಿರುವುದರಿಂದ ಅಷ್ಟೊಂದು ವಾದ್ಯಗಳನ್ನು ದಾಟಿ ಒಬ್ಬನ ದನಿ ಮೇಲಿನ ಬಾಲ್ಕನಿಗೂ ತಲುಪುತ್ತದೆ. ಅಗ್ಗದ ಟಿಕೆಟ್ ಸಾಮಾನ್ಯವಾಗಿ ಆ ಮೇಲಿನ ಸಾಲುಗಳದ್ದೇ. ತೆಗೆದುಕೊಳ್ಳಿ, ಆದರೆ ತೀರಾ ಪಕ್ಕದ ಸೀಟು ಬೇಡ, ಅರ್ಧ ವೇದಿಕೆ ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿ. ತಡವಾದವರನ್ನು ಸಾಮಾನ್ಯವಾಗಿ ಬಿಡುವಿನವರೆಗೂ ಒಳಗೆ ಬಿಡುವುದಿಲ್ಲ. 'ಲಾ ಬೊಹೆಮ್'ನಲ್ಲಿ ಹಾಗಾದರೆ ಬೀಗದ ಕೈ ಪ್ರಸಂಗವೇ ತಪ್ಪಿಹೋಗುತ್ತದೆ.